ಸಹಾಯ ಕೇಳುವುದಕ್ಕೂ ಡ್ರಿಲ್ ಬೇಕು

"ಸರ್, ಮೂರು ದಿನದಿಂದ ನಿದ್ರೆ ಬಂದಿಲ್ಲ. ನನಗೆ ಸಹಾಯ ಬೇಕು."

ಇಷ್ಟೇ ಮಾತು. ಹತ್ತೊಂಬತ್ತು ವರ್ಷದ ಹುಡುಗನ ಬಾಯಿಂದ ಇದನ್ನು ಗಟ್ಟಿಯಾಗಿ ಹೊರಡಿಸಲು ಕೆಲವೊಮ್ಮೆ ನನಗೆ ಇಡೀ ಮಧ್ಯಾಹ್ನ ಹಿಡಿಯುತ್ತದೆ. ಬೆಂಕಿ ಆರಿಸುವ ಹೋಸ್ ಹಿಡಿದು ಓಡು ಅಂದರೆ ಓಡುತ್ತಾನೆ. ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಹಾರು ಅಂದರೆ ಈಜು ಬಾರದವನೂ ಕಣ್ಣುಮುಚ್ಚಿ ಹಾರುತ್ತಾನೆ. "ನನಗೆ ಸಹಾಯ ಬೇಕು" ಅನ್ನು ಅಂದರೆ ಮಾತ್ರ ನೆಲ ನೋಡುತ್ತಾನೆ.

ನಾನು ಮುಂಬೈಯ ಒಂದು ನೌಕಾ ತರಬೇತಿ ಸಂಸ್ಥೆಯಲ್ಲಿ ಪಾಠ ಮಾಡುತ್ತೇನೆ. ಅದಕ್ಕೆ ಮೊದಲು ಹದಿನಾರು ವರ್ಷ ಸರಕು ಹಡಗುಗಳಲ್ಲಿ ಕೆಲಸ ಮಾಡಿದೆ. ತರಬೇತಿಯ ಕೆಡೆಟ್ ಆಗಿ ಹತ್ತಿದವನು ಕ್ಯಾಪ್ಟನ್ನರ ನಂತರದ ಚೀಫ್ ಆಫೀಸರ್ ಆಗಿ ಇಳಿದೆ. ಊರು ಅಂಕೋಲೆ. ನಮ್ಮಲ್ಲಿಗೆ ಹಡಗಿನ ಕೆಲಸಗಾರರಾಗಲು ಆರು ತಿಂಗಳ ಜಿ.ಪಿ. ರೇಟಿಂಗ್ ಕೋರ್ಸಿಗೆ ಬರುವವರಿದ್ದಾರೆ, ಆಫೀಸರ್ ಆಗಲು ಒಂದು ವರ್ಷದ ಡಿ.ಎನ್.ಎಸ್. ಡಿಪ್ಲೊಮಾ ಮಾಡುವ ಕೆಡೆಟ್‌ಗಳಿದ್ದಾರೆ. ಪ್ರತಿ ಬ್ಯಾಚಿನಲ್ಲೂ ನಾಲ್ಕೈದು ಮಂದಿ ಕನ್ನಡದವರು ಸಿಗುತ್ತಾರೆ. ಮೊದಲು ಕಾರವಾರ, ಭಟ್ಕಳ, ಕುಂದಾಪುರದ ಹುಡುಗರೇ ಜಾಸ್ತಿ ಇದ್ದರು. ಈಗ ವಿಜಯಪುರ, ಬಾಗಲಕೋಟೆ, ಕಲಬುರಗಿಯಿಂದಲೂ ಬರುತ್ತಾರೆ. ಸಮುದ್ರವನ್ನು ಮೊದಲ ಸಲ ನೋಡಿದ್ದೇ ಮುಂಬೈಗೆ ಬಂದಮೇಲೆ ಅನ್ನುವವರು ಇದ್ದಾರೆ. ಸಹಾಯ ಕೇಳುವುದನ್ನು ಕಲಿಸುವುದು ಈಗ ನನ್ನ ಕೆಲಸದ ಮುಖ್ಯ ಭಾಗ, ಅದು ಶುರುವಾಗಿದ್ದು ಇವರಿಂದಲೇ. ಆದರೆ ಅದರ ಬೇರು ನನ್ನ ಮೊದಲ ಹಡಗಿನಲ್ಲಿದೆ.

1998ರ ಡಿಸೆಂಬರ್. ಗೋವಾದ ಮೊರ್ಮುಗೋವಾ ಬಂದರಿನಲ್ಲಿ ಹಡಗು ಹತ್ತಿದೆ. ಅಂಕೋಲೆಯಿಂದ ಬಸ್ಸಿನಲ್ಲಿ ಅಪ್ಪ, ಆಯಿ ಇಬ್ಬರೂ ಬಂದಿದ್ದರು. ಕಬ್ಬಿಣದ ಅದಿರು ತುಂಬಿಕೊಂಡು ಜಪಾನಿಗೆ ಹೋಗುವ ಬಲ್ಕ್ ಕ್ಯಾರಿಯರ್ ಅದು. ಅದಿರು ಬಹಳ ಭಾರ. ಸರಕು ತುಂಬುವ ಹೋಲ್ಡಿನ ತಳದಲ್ಲೇ ಕೂತುಬಿಡುತ್ತದೆ, ಮೇಲೆ ಅರ್ಧಕ್ಕರ್ಧ ಖಾಲಿ ಕಾಣುತ್ತದೆ. ಭಾರವೆಲ್ಲ ಕೆಳಗಿರುವುದರಿಂದ ಹಡಗು ಒಂದು ಕಡೆ ವಾಲಿದ ಕೂಡಲೇ ರಪ್ಪನೆ ಹಿಂದಕ್ಕೆ ಬರುತ್ತದೆ. ತೊಟ್ಟಿಲು ತೂಗಿದ ಹಾಗಲ್ಲ, ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗೆ. ಮಲಕ್ಕಾ ಜಲಸಂಧಿ ದಾಟಿ ದಕ್ಷಿಣ ಚೀನಾ ಸಮುದ್ರಕ್ಕೆ ಬಂದಾಗ ಈಶಾನ್ಯ ಮಾರುತ ಎದುರಿಗೇ ಬೀಸುತ್ತಿತ್ತು. ಹಾಸಿಗೆಯ ಹೊರ ಅಂಚಿನ ಕೆಳಗೆ ಲೈಫ್ ಜಾಕೆಟ್ ತುರುಕಿ, ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದೆ. ಇಲ್ಲದಿದ್ದರೆ ಉರುಳಿ ಬೀಳುವುದೇ.

ಚೀಫ್ ಆಫೀಸರ್ ಜೊತೆ ಬೆಳಿಗ್ಗೆ ನಾಲ್ಕರಿಂದ ಎಂಟು, ಸಂಜೆ ನಾಲ್ಕರಿಂದ ಎಂಟು ವಾಚ್, ಅಂದರೆ ಕಾವಲಿನ ಪಾಳಿ. ನಡುವೆ ಡೆಕ್ ಮೇಲೆ ತುಕ್ಕು ಕೆರೆಯುವುದು, ಪೇಂಟ್ ಬಳಿಯುವುದು. ಪೂರ್ವಕ್ಕೆ ಹೋಗುವ ಹಡಗಿನಲ್ಲಿ ಗಡಿಯಾರವನ್ನು ಮುಂದಕ್ಕೆ ಹಾಕುತ್ತಾ ಹೋಗುತ್ತಾರೆ. ಗೋವಾದಿಂದ ಜಪಾನಿಗೆ ಹೋಗುವಷ್ಟರಲ್ಲಿ ಮೂರೂವರೆ ಗಂಟೆ. ಅಷ್ಟೂ ನನ್ನ ನಿದ್ರೆಯಿಂದಲೇ ಹೋಯಿತು ಅನಿಸುತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಹಡಗು ನಡೆಸುವ ಕೋಣೆಯಾದ ಬ್ರಿಜ್ಜಿನ ಕತ್ತಲಲ್ಲಿ ನಿಂತು ಸುಮ್ನೆ ಕಣ್ಣೀರು ಬರುತ್ತಿತ್ತು, ಕಾರಣ ಗೊತ್ತಾಗುತ್ತಿರಲಿಲ್ಲ. ಚೀಫ್ ಆಫೀಸರ್ "ಸಬ್ ಠೀಕ್?" ಅಂದರೆ "ಯೆಸ್ ಸರ್" ಅನ್ನುತ್ತಿದ್ದೆ. ಮನೆಗೆ ಬರೆದ ಕಾಗದದಲ್ಲೂ "ಆರಾಮಾಗಿದ್ದೇನೆ" ಎಂದೇ ಬರೆದೆ.

ಅದಿರು ಇಳಿಸಿ ವಾಪಸ್ ಬರುವಾಗ ಖಾಲಿ ಹೋಲ್ಡ್ ಗುಡಿಸಬೇಕಿತ್ತು. ಹೋಲ್ಡಿಗೆ ಇಳಿಯುವ ಬೂಬಿ ಹ್ಯಾಚಿನ ಬಾಯಲ್ಲಿ ನಿಂತು ಏಣಿಗೆ ಕಾಲಿಡಬೇಕು. ಕೆಳಗೆ ಆರು ಮಹಡಿ ಆಳ. ನಿಂತಲ್ಲೇ ನನಗೆ ಕಣ್ಣು ಮುಚ್ಚಿಹೋಯಿತು. ಹಿಂದೆ ಇದ್ದ ರತ್ನಾಗಿರಿ ಕಡೆಯ ಒಬ್ಬ ಎ.ಬಿ., ಅಂದರೆ ನುರಿತ ನಾವಿಕ, ನನ್ನ ಬಾಯ್ಲರ್ ಸೂಟಿನ ಕಾಲರ್ ಹಿಡಿದು ಹಿಂದಕ್ಕೆಳೆದರು. ಬೈಯಲಿಲ್ಲ. "ಕಿತನೇ ದಿನ್ ಸೇ ಸೋಯಾ ನಹೀ?" ಎಂದು ಕೇಳಿದರು. ಹಡಗು ಹತ್ತಿ ನಲವತ್ತು ದಿನವಾಗಿತ್ತು. ನನ್ನ ನಿದ್ರೆಯ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಅವರು ಸಾರಂಗನಿಗೆ ಹೇಳಿದರು, ಸಾರಂಗ ಚೀಫ್ ಆಫೀಸರಿಗೆ ಹೇಳಿದರು. ಹಡಗಿನಲ್ಲಿ ಡೆಕ್ ಕೆಲಸಗಾರರ ಮೇಸ್ತ್ರಿಯಾದ ಬೋಸನ್‌ಗೆ ಹಳಬರು ಸಾರಂಗ ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಮೀನಿನ ಬೋಟಿನ ಯಜಮಾನನಿಗೆ ತಾಂಡೇಲ ಅನ್ನುವ ಹಾಗೆ. ಅವತ್ತು ರಾತ್ರಿಯೇ ನನ್ನನ್ನು ವಾಚಿನಿಂದ ಬಿಟ್ಟರು. ಎರಡು ದಿನ ಮಲಗಿದೆ. ಆಮೇಲೆ ಚೀಫ್ ಆಫೀಸರ್ ಕರೆದು ಕೇಳಿದ್ದು ಒಂದೇ: "ಮೊದಲೇ ಹೇಳಿದ್ದರೆ ಮೊದಲೇ ಬಿಡುತ್ತಿದ್ದೆನಲ್ಲ, ಯಾಕೆ ಹೇಳಲಿಲ್ಲ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರು ಒಳ್ಳೆಯ ಮನುಷ್ಯರು. ಹೇಳಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳುವುದು ಹೇಗೆ ಅಂತಲೂ ಯಾರೂ ಕಲಿಸಿರಲಿಲ್ಲ.

ದಡಕ್ಕೆ ಬಂದು 2015ರಲ್ಲಿ ಪಾಠ ಶುರುಮಾಡಿದಾಗ ನನಗೆ ಕೊಟ್ಟ ವಿಷಯಗಳಲ್ಲಿ ಪಿ.ಎಸ್.ಎಸ್.ಆರ್. ಕೂಡ ಒಂದು. ಹಡಗು ಹತ್ತುವ ಪ್ರತಿಯೊಬ್ಬನೂ ಮಾಡಲೇಬೇಕಾದ ಬೇಸಿಕ್ ಕೋರ್ಸ್ ಇದು. ಸ್ವಂತ ಸುರಕ್ಷತೆ, ಜೊತೆಯವರ ಜೊತೆ ಬಾಳುವ ರೀತಿ, ದಣಿವು ಎಲ್ಲ ಇದರಲ್ಲೇ ಬರುತ್ತದೆ. ಸ್ಲೈಡ್ ಮಾಡಿದೆ. ಒತ್ತಡದ ಲಕ್ಷಣಗಳು, ದಣಿವಿನ ಕಾರಣಗಳು, ಯೋಗ, ವ್ಯಾಯಾಮ ಎಂದು ಬರೆದು ತೋರಿಸಿದೆ. ಹುಡುಗರು ನೋಟ್ಸ್ ಬರೆದುಕೊಂಡರು, ಪರೀಕ್ಷೆ ಪಾಸಾದರು.

2017ರ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಹಿಂದಿನ ಬ್ಯಾಚಿನ ವಿಜಯಪುರ ಜಿಲ್ಲೆಯ ಹುಡುಗ. ಹಡಗು ಸಿಂಗಾಪುರದ ಹೊರಗೆ ಲಂಗರು ಹಾಕಿತ್ತು. ತುಂಬಾ ಹೊತ್ತು ಮಾತೇ ಇಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಅಂದ: "ಸರ್, ನೀವ್ ಕೊಟ್ಟ ನೋಟ್ಸ್ ಎಲ್ಲಾ ನನ್ ಬಲ್ಲಿ ಅದಾವ್ರಿ. ಆದ್ರ ಇಲ್ಲಿ ಯಾರಿಗಿ ಹೇಳ್ಬೇಕ್ರಿ? ಏನಂತ ಹೇಳ್ಬೇಕ್ರಿ?"

ಆ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. ಲಕ್ಷಣಗಳೆಲ್ಲ ಅವನಿಗೆ ಗೊತ್ತಿದ್ದವು. ಒಂದೊಂದಾಗಿ ಎಣಿಸಿ ಹೇಳಿದ. ಯಾರಿಗೆ, ಯಾವ ಮಾತಿನಲ್ಲಿ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಅವತ್ತು ಫೋನಿನಲ್ಲೇ ಎರಡು ವಾಕ್ಯ ಕಟ್ಟಿಕೊಟ್ಟೆ. ಮೂರು ಸಲ ಹೇಳಿಸಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ. ಬೆಳಿಗ್ಗೆ ಅವನು ಸೆಕೆಂಡ್ ಆಫೀಸರಿಗೆ ಹೇಳಿದ. ಕೆಲವು ದಿನ ಅವನ ರಾತ್ರಿ ವಾಚ್ ತಪ್ಪಿಸಿದರು. ಕಾಂಟ್ರ್ಯಾಕ್ಟ್ ಮುಗಿಸಿಯೇ ಬಂದ.

ಮುಂದಿನ ಬ್ಯಾಚಿಗೆ ಸ್ಲೈಡ್ ತೋರಿಸುವುದನ್ನು ಕಡಿಮೆ ಮಾಡಿದೆ. ಹಡಗಿನಲ್ಲಿ ಫೈರ್ ಡ್ರಿಲ್ ಮಾಡುವಾಗ ಬೆಂಕಿ ಅಂದರೇನು ಎಂದು ಯಾರೂ ವಿವರಿಸುವುದಿಲ್ಲ. ಅಲಾರಂ ಹೊಡೆದರೆ ಓಡಬೇಕು, ಪೈಪ್ ಬಿಚ್ಚಬೇಕು, ನೀರು ಬಿಡಬೇಕು. ಗಾಬರಿಯಲ್ಲಿ ತಲೆ ಓಡುವುದಿಲ್ಲ ಅಂತಲೇ ಕೈಕಾಲಿಗೆ ಕಲಿಸುವುದು. ಮನಸ್ಸು ಕುಸಿದಾಗಲೂ ತಲೆ ಓಡುವುದಿಲ್ಲ. ಹಾಗಾದರೆ ಬಾಯಿಗೂ ಮೊದಲೇ ಕಲಿಸಿರಬೇಕು, ಅಲ್ವಾ?

ಬುಧವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಇದಕ್ಕೆಂದೇ ಇಟ್ಟುಕೊಂಡೆ. ಮೊದಲ ದಿನ ಬೋರ್ಡಿನ ಮೇಲೆ ನಾನು ಏನೂ ಬರೆಯುವುದಿಲ್ಲ. "ಮನಸ್ಸು ಸರಿ ಇಲ್ಲದಾಗ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?" ಎಂದು ಕೇಳುತ್ತೇನೆ. ಮರಾಠಿ, ಹಿಂದಿ, ಮಲಯಾಳಂ ಎಲ್ಲ ಬರುತ್ತದೆ. ಕನ್ನಡದ ಹುಡುಗರು ಹೇಳಿದ್ದನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಲಿ ಕೆಟ್ಟೈತಿ. ಬ್ಯಾಸರ ಆಗೇತಿ. ಎದಿ ಡಬ್ ಡಬ್ ಅಂತೈತಿ. ಊಟ ಸೇರವಲ್ದು. ಮಂಡೆ ಬಿಸಿ. ಯಾರ ಮುಖಾನೂ ನೋಡೂದು ಬ್ಯಾಡ ಅನಸ್ತೈತಿ. ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ "ಖಿನ್ನತೆ" ಅಂದಿಲ್ಲ. ಆ ಶಬ್ದ ಕಾಯುತ್ತಾ ಕೂತರೆ ನಮಗೆ ಏನೂ ಕೇಳಿಸುವುದಿಲ್ಲ.

ಆಮೇಲೆ ಆ ಮಾತಿಗೆ ಒಂದು ಆಕಾರ ಕೊಡುತ್ತೇವೆ. ಅದನ್ನು ನಾನು ಮೇಡೇ ಸಂದೇಶದಿಂದ ತೆಗೆದುಕೊಂಡೆ. ಹಡಗು ಅಪಾಯದಲ್ಲಿದ್ದಾಗ ರೇಡಿಯೋದಲ್ಲಿ ಹಡಗಿನ ಹೆಸರು ಹೇಳಬೇಕು, ಎಲ್ಲಿದ್ದೇವೆ ಹೇಳಬೇಕು, ಏನಾಗಿದೆ ಹೇಳಬೇಕು, ಯಾವ ಸಹಾಯ ಬೇಕು ಹೇಳಬೇಕು. ಹುಡುಗನೂ ಹಾಗೆಯೇ ಹೇಳಲಿ. ಎಷ್ಟು ದಿನದಿಂದ, ಏನಾಗುತ್ತಿದೆ, ಏನು ಬೇಕು. "ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ, ಕೈ ನಡುಗುತ್ತದೆ, ಎತ್ತರದ ಕೆಲಸಕ್ಕೆ ಇವತ್ತು ನನ್ನನ್ನು ಹತ್ತಿಸಬೇಡಿ." ಇಷ್ಟು ಕೇಳಿದ ಯಾವ ಆಫೀಸರೂ ಸುಮ್ಮನಿರುವುದು ಕಷ್ಟ. "ಒಂಥರಾ ಆಗ್ತಿದೆ ಸರ್" ಅಂದರೆ "ಸರಿ ಹೋಗುತ್ತೆ ಹೋಗು" ಅಂದುಬಿಡುತ್ತಾರೆ.

ಡ್ರಿಲ್ಲಿನಲ್ಲಿ ನಾನು ಚೀಫ್ ಆಫೀಸರ್. ಮೇಜಿನ ತುಂಬಾ ಕಾಗದ ಹರಡಿಕೊಂಡು, ಕಿವಿಗೆ ಫೋನ್ ಇಟ್ಟುಕೊಂಡು ಕೂರುತ್ತೇನೆ. ಹುಡುಗ ಬಾಗಿಲು ತಟ್ಟಿ ಒಳಗೆ ಬರುತ್ತಾನೆ. ತಲೆ ಎತ್ತದೆಯೇ "ಅಭೀ ಟೈಮ್ ನಹೀ, ಬಾದ್ ಮೇ ಆನಾ" ಅನ್ನುತ್ತೇನೆ. ಈಗ ಟೈಮ್ ಇಲ್ಲ, ಆಮೇಲೆ ಬಾ. ಮೊದಲ ಸಲ ಎಲ್ಲರೂ "ಓಕೆ ಸರ್" ಎಂದು ಹೊರಗೆ ಹೋಗುತ್ತಾರೆ. ಅಲ್ಲೇ ಡ್ರಿಲ್ ನಿಲ್ಲಿಸುತ್ತೇನೆ. ನಿಜವಾದ ಹಡಗಿನಲ್ಲೂ ಹುಡುಗ ಸೋಲುವ ಜಾಗ ಇದೇ. ಒಂದು ವಾರ ಧೈರ್ಯ ಕೂಡಿಸಿಕೊಂಡು ಬಂದಿರುತ್ತಾನೆ. ಆಫೀಸರಿಗೆ ಬಂದರಿನ ಕಾಗದಪತ್ರದ ತಲೆನೋವು. ಬಾದ್ ಮೇ ಅಂದದ್ದನ್ನು ಹುಡುಗ ಬೇಡ ಅಂದಹಾಗೆ ಕೇಳಿಸಿಕೊಳ್ಳುತ್ತಾನೆ. ಮತ್ತೆ ಬರುವುದಿಲ್ಲ. ಅದಕ್ಕೇ ಒಂದು ಪ್ರಶ್ನೆ ಕಲಿಸುತ್ತೇನೆ: "ಕಿತನೇ ಬಜೇ ಆವೂಂ, ಸಾಬ್?" ಎಷ್ಟು ಗಂಟೆಗೆ ಬರಲಿ? ಟೈಮ್ ಹೇಳಿಸಿಕೊಂಡೇ ಹೊರಗೆ ಬರಬೇಕು. ಈ ಒಂದು ಪ್ರಶ್ನೆ ಕೇಳಲು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ ಎಂದು ನನ್ನ ನಂಬಿಕೆ.

ಹೇಳಿದ ಟೈಮಿಗೆ ಹೋದರೂ ಕೇಳದಿದ್ದರೆ? ಮುಂದಿನ ಬಾಗಿಲು ಕ್ಯಾಪ್ಟನ್ನರದ್ದು. ಕಡಲ ಕೆಲಸಗಾರರ ಹಕ್ಕಿನ ಒಪ್ಪಂದ ಎಂ.ಎಲ್.ಸಿ. 2006ಕ್ಕೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ ಹಡಗಿನಲ್ಲಿ ದೂರು ಕೊಡುವ ಕ್ರಮದ ಪ್ರತಿಯನ್ನು ಪ್ರತಿ ಕೆಲಸಗಾರನಿಗೂ ಕೊಡಲೇಬೇಕು. ಅವನು ನೇರ ಕ್ಯಾಪ್ಟನ್ ಹತ್ತಿರ ಹೋಗಬಹುದು. ದೂರು ಕೊಟ್ಟ ಕಾರಣಕ್ಕೆ ಅವನಿಗೆ ತೊಂದರೆ ಕೊಡುವ ಹಾಗಿಲ್ಲ. ಅದರಾಚೆ ಕಂಪನಿಯಲ್ಲಿ ಹಡಗಿನವರ ಸುರಕ್ಷತೆ ನೋಡಿಕೊಳ್ಳಲು ನೇಮಿಸಿದ ಡಿ.ಪಿ.ಎ. ಎಂದು ಒಬ್ಬರು ದಡದಲ್ಲಿ ಇರುತ್ತಾರೆ. ಅವರ ಹೆಸರು, ಫೋನ್ ನಂಬರ್ ಹಡಗಿನಲ್ಲಿ ಅಂಟಿಸಿರುತ್ತಾರೆ. ಹತ್ತಿದ ಮೊದಲ ದಿನವೇ ಅದನ್ನು ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಎಂದು ಹೇಳುತ್ತೇನೆ. ಕಷ್ಟ ಬಂದಮೇಲೆ ಹೋಗಿ ಆ ಪೋಸ್ಟರ್ ಮುಂದೆ ನಿಲ್ಲಲು ಹುಡುಗ ನಾಚುತ್ತಾನೆ. ಯಾರಾದರೂ ನೋಡಿದರೆ ಎಂಬ ಭಯ.

ನೋಟ್‌ಬುಕ್ ಅಂದೆ. ಪ್ರತಿಯೊಬ್ಬನಿಗೂ ಬಾಯ್ಲರ್ ಸೂಟಿನ ಜೇಬಿಗೆ ಹಿಡಿಯುವ ಒಂದು ಪುಟ್ಟ ಪುಸ್ತಕ ಕೊಡುತ್ತೇನೆ. ಅದರಲ್ಲಿ ಮೊದಲ ಕೆಲಸ ನಿದ್ರೆಯ ಲೆಕ್ಕ. ನಿಯಮ ಇರುವುದು ಹೀಗೆ: ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, 7 ದಿನದಲ್ಲಿ 77 ಗಂಟೆ. ಆ 10 ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡಬಾರದು, ಒಂದು ತುಂಡು 6 ಗಂಟೆಯದ್ದಾದರೂ ಇರಬೇಕು. ಕ್ಲಾಸಿನಲ್ಲಿ ಒಂದು ಬಂದರಿನ ಮೂರು ದಿನದ ವೇಳಾಪಟ್ಟಿ ಕೊಟ್ಟು ಲೆಕ್ಕ ಹಾಕಿಸುತ್ತೇನೆ. ಹಗ್ಗ ಕಟ್ಟಲು ರಾತ್ರಿ ಎರಡಕ್ಕೆ ಎಬ್ಬಿಸಿದರು, ಆರಕ್ಕೆ ಮಲಗಿದೆ, ಎಂಟಕ್ಕೆ ಮತ್ತೆ ಹಡಗಿನ ಏಣಿ ಕಾಯುವ ಗ್ಯಾಂಗ್‌ವೇ ವಾಚ್. ಹುಡುಗರು ಕೂಡಿಸಿ ಕಳೆದು ತಾವೇ ಬೆಚ್ಚಿಬೀಳುತ್ತಾರೆ. ಹಡಗಿನ ದಾಖಲೆಯಲ್ಲಿ ಲೆಕ್ಕ ಸರಿ ಇದ್ದು ಮೈಗೆ ಮಾತ್ರ ನಿದ್ರೆ ಸಿಗದೇ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾಗದಕ್ಕೆ ಸಹಿ ಹಾಕು ಅಂದಾಗ ಇಲ್ಲ ಅನ್ನುವುದು ಹತ್ತೊಂಬತ್ತರ ಹುಡುಗನಿಗೆ ಸುಲಭವಲ್ಲ. ಆದರೆ ಅವನ ಜೇಬಿನ ಪುಸ್ತಕದಲ್ಲಿ ನಿಜವಾದ ಲೆಕ್ಕ ಇದ್ದರೆ, ಮಾತಾಡುವ ದಿನ ಕೈಯಲ್ಲಿ ಏನೋ ಇರುತ್ತದೆ.

ಊಟಕ್ಕೆ ನನ್ನದೊಂದೇ ನಿಯಮ. ದಿನಕ್ಕೆ ಒಂದು ಹೊತ್ತಾದರೂ ಮೆಸ್ ರೂಮಿನಲ್ಲಿ ಎಲ್ಲರ ಜೊತೆ ಕೂತು ಉಣ್ಣಬೇಕು. ತಟ್ಟೆ ಹಿಡಿದು ಕ್ಯಾಬಿನ್ ಸೇರುವ ಹುಡುಗನನ್ನು ಹಡಗು ಬೇಗ ಮರೆಯುತ್ತದೆ. ಶೇಂಗಾ ಹಿಂಡಿ ಒಯ್ಯಿರಿ, ಆದರೆ ಅದನ್ನು ಮೆಸ್ಸಿನ ಮೇಜಿನ ಮೇಲೆ ಇಡಿ ಎಂದು ಹೇಳುತ್ತೇನೆ. ಬಾಗಲಕೋಟೆಯ ಒಬ್ಬ ಹುಡುಗ ಹಾಗೆ ಇಟ್ಟ ಡಬ್ಬಿಯಿಂದ ಫಿಲಿಪ್ಪೀನ್ಸಿನ ಫಿಟ್ಟರ್ ಅವನಿಗೆ ದೋಸ್ತ್ ಆದ.

ಇನ್ನು ಮುಂಬೈಯಲ್ಲಿ ಲಾಂಚ್ ಹತ್ತುವ ಜಾಗ ಭಾವುಚಾ ಧಕ್ಕಾದ ವಿಷಯ. ಬಯಲುಸೀಮೆಯ ಹುಡುಗರನ್ನು ಕೋರ್ಸಿನ ಎರಡನೇ ತಿಂಗಳಲ್ಲಿ ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಉರಣದ ಮೋರಾಕ್ಕೆ ಲಾಂಚ್ ಹೋಗುತ್ತದೆ. ಗಾಳಿ ಎದ್ದಿರುವ ಮಧ್ಯಾಹ್ನವನ್ನೇ ಆರಿಸುತ್ತೇನೆ. ಒಂದು ಸಲ ಇಂಡಿ ಕಡೆಯ ಹುಡುಗ ನನ್ನ ಪಕ್ಕ ನಿಂತಿದ್ದ. ಲಾಂಚ್ ಧಕ್ಕೆ ಬಿಟ್ಟು ಹೊರಳಿದ ಕೂಡಲೇ ಎರಡೂ ಕೈಯಲ್ಲಿ ಕಟ್ಟೆ ಹಿಡಿದ. ಬೆರಳ ಗೆಣ್ಣುಗಳು ಬೆಳ್ಳಗಾದವು. ತುಟಿ ಒಣಗಿತು. ಕಣ್ಣು ಕಾಲಬುಡದ ನೀರಿನ ಮೇಲೇ ನೆಟ್ಟಿತ್ತು. "ನೀರ್ ನೋಡಬ್ಯಾಡ, ದೂರದ ಗೆರೆ ನೋಡು" ಅಂದೆ. ಅಲ್ಲಿ ಲಂಗರು ಹಾಕಿದ ಎರಡು ದೊಡ್ಡ ಹಡಗುಗಳು ನಿಂತಿದ್ದವು, ಅಲ್ಲಾಡದೆ. ಲಾಂಚಿನ ನಡುವಿಗೆ ಕರೆದುಕೊಂಡು ಬಂದು ನಿಲ್ಲಿಸಿದೆ, ಅಲ್ಲಿ ತೂಗಾಟ ಕಡಿಮೆ. ಮಾರಿ ಬಿಸ್ಕೆಟ್ ಕೊಟ್ಟೆ. ಹೊಟ್ಟೆ ಖಾಲಿ ಇದ್ದರೆ ಓಕರಿಕೆ ಇನ್ನೂ ಜಾಸ್ತಿ. ಸ್ವಲ್ಪ ಹೊತ್ತಿಗೆ ಗೆಣ್ಣಿಗೆ ಬಣ್ಣ ಬಂತು. "ಸರ್, ಹೆದ್ರಿಕಿ ಆಗಿತ್ರಿ" ಅಂದ. ಅವನು ತಾನಾಗಿ ಹೇಳಿದ್ದು ಅದೇ ಮೊದಲು. ನನಗೆ ಬೇಕಾಗಿದ್ದೂ ಅದೇ. ಕಡಲ ತೂಗಾಟಕ್ಕೆ ಓಕರಿಕೆ ಬರುವುದು ನಾಚಿಕೆಯ ವಿಷಯವಲ್ಲ, ಬಹಳ ಮಂದಿಗೆ ಕೆಲವು ದಿನದಲ್ಲಿ ಮೈ ಹೊಂದಿಕೊಳ್ಳುತ್ತದೆ. ಇದನ್ನು ಕ್ಲಾಸಿನಲ್ಲಿ ನೂರು ಸಲ ಹೇಳಿದರೂ ಲಾಂಚಿನ ಮೇಲೆ ಒಮ್ಮೆ ಆದದ್ದಕ್ಕೆ ಸಮ ಆಗುವುದಿಲ್ಲ.

ಹುಡುಗರು ಕುಸಿಯುವುದು ಹಡಗಿನಲ್ಲೇ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಕೋರ್ಸ್ ಮುಗಿದು ಮೊದಲ ಹಡಗು ಸಿಗುವವರೆಗಿನ ಕಾಲ ಎಲ್ಲಕ್ಕಿಂತ ಕಷ್ಟದ್ದು. ಹಾಸ್ಟೆಲ್ ಇಲ್ಲ, ಕ್ಲಾಸ್ ಇಲ್ಲ, ಸಂಬಳ ಇಲ್ಲ. ಬೇಲಾಪುರ, ಉಲ್ವೆ ಕಡೆ ಒಂದು ರೂಮಿನಲ್ಲಿ ಏಳೆಂಟು ಮಂದಿ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ನಾವಿಕರ ಗುರುತಿನ ಪುಸ್ತಕವಾದ ಸಿ.ಡಿ.ಸಿ. ಮತ್ತು ಸರ್ಟಿಫಿಕೇಟುಗಳ ಫೈಲ್ ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆಯುತ್ತಾರೆ. ಗೇಟಿನಲ್ಲೇ ವಾಚ್‌ಮನ್ ಬಯೋಡೇಟಾ ಇಸಕೊಂಡು ಕಳಿಸುತ್ತಾನೆ. ಸಂಜೆ ಊರಿನಿಂದ ಫೋನ್: "ಹಡಗ ಸಿಕ್ತೇನೋ?" ಕೆಲವರ ಮನೆಯಲ್ಲಿ ಫೀಸಿಗಾಗಿ ಹೊಲ ಅಡವಿಟ್ಟಿರುತ್ತಾರೆ. ಮೂರು ತಿಂಗಳಾಗುವ ಹೊತ್ತಿಗೆ ಹುಡುಗ ಫೋನ್ ಎತ್ತುವುದನ್ನೇ ಬಿಡುತ್ತಾನೆ. ಇದೇ ಹೊತ್ತಿಗೆ ಮೋಸಗಾರರು ಬರುತ್ತಾರೆ. ದುಡ್ಡು ಕೊಡು, ನಾಳೆಯೇ ಹತ್ತಿಸುತ್ತೇನೆ ಅನ್ನುವವರು. ನನ್ನ ಒಬ್ಬ ವಿದ್ಯಾರ್ಥಿ ಅಂಥ ಒಬ್ಬನಿಗೆ ಅಕ್ಕನ ಬಂಗಾರ ಮಾರಿ ದುಡ್ಡು ಕೊಟ್ಟ. ಆಫೀಸ್ ಒಂದು ವಾರದಲ್ಲಿ ಖಾಲಿಯಾಗಿತ್ತು.

ಇದನ್ನು ಓದುವ ಅಪ್ಪ ಅಮ್ಮಂದಿರಿಗೆ ನಾನು ಕೈಮುಗಿದು ಹೇಳುವುದು ಇದು. ಹಡಗಿಗೆ ಜನ ಕಳಿಸುವ ಏಜೆಂಟರಿಗೆ ಆರ್.ಪಿ.ಎಸ್.ಎಲ್. ಎಂಬ ಸರ್ಕಾರಿ ಲೈಸೆನ್ಸ್ ಇರಬೇಕು. ಇದೆಯೇ ಇಲ್ಲವೇ ಎಂದು ಹಡಗಿನ ವಿಷಯ ನೋಡುವ ಸರ್ಕಾರಿ ಇಲಾಖೆ ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಬಹುದು. ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸಲು ಹುಡುಗನಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ದುಡ್ಡು ಕೇಳಿದರು ಅಂದರೆ ಎದ್ದು ಬನ್ನಿ.

ಕಾಯುವ ಹುಡುಗರಿಗಾಗಿ ಮಂಗಳವಾರ ಸಂಜೆ ಒಂದು ಕೂಟ ಮಾಡಿದೆ. ಬೇಲಾಪುರ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಮಾಲೀಕರು ಕುಂದಾಪುರ ಕಡೆಯವರು. ನಾಲ್ಕರಿಂದ ಆರರವರೆಗೆ ಗಿರಾಕಿ ಕಡಿಮೆ ಇರುವಾಗ ಹಿಂದಿನ ಎರಡು ಮೇಜು ನಮಗೆ ಬಿಟ್ಟುಕೊಡುತ್ತಾರೆ. ಅಲ್ಲಿ "ಹಡಗು ಸಿಕ್ತಾ?" ಎಂದು ಯಾರೂ ಕೇಳಬಾರದು. ಬದಲಿಗೆ ಆ ವಾರ ಮಾಡಿದ ಒಂದು ಕೆಲಸ ಹೇಳಬೇಕು. ಒಬ್ಬ ಹಗ್ಗ ತಂದು ಎಳೆ ಹೆಣೆದು ಸ್ಪ್ಲೈಸ್ ಹಾಕಿ ತೋರಿಸುತ್ತಾನೆ. ಒಬ್ಬ ಬೆಳಿಗ್ಗೆ ಐದಕ್ಕೆ ಎದ್ದು ಓಡಿದೆ ಅನ್ನುತ್ತಾನೆ. ಒಬ್ಬ ಕೊರಿಯರ್ ಕೆಲಸಕ್ಕೆ ಸೇರಿದೆ ಅಂದ, ತಲೆ ತಗ್ಗಿಸಿಕೊಂಡು. ಆ ದಿನ ಎಲ್ಲರ ಚಹಾ ಅವನ ಲೆಕ್ಕಕ್ಕೆ ಎಂದು ಹುಡುಗರೇ ತೀರ್ಮಾನ ಮಾಡಿದರು. ಅವನು ನಕ್ಕ.

ಮನೆಯವರ ಜೊತೆಗಿನ ಮಾತನ್ನು ವಿಡಿಯೋ ಕಾಲಿನಲ್ಲಿ ಮಾಡುತ್ತೇನೆ. ನನ್ನ ಕಾಲದಲ್ಲಿ ಬಂದರಿನಲ್ಲಿ ಇಳಿದು ಫೋನ್ ಕಾರ್ಡ್ ಕೊಂಡರೆ ಮಾತ್ರ ಮನೆಯ ದನಿ. ಈಗ ಬಹಳ ಹಡಗುಗಳಲ್ಲಿ ಇಂಟರ್ನೆಟ್ ಇದೆ. ಎಂ.ಎಲ್.ಸಿ.ಗೆ ತಂದ ಹೊಸ ತಿದ್ದುಪಡಿಗಳು 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದವು, ಅದರಲ್ಲಿ ಹಡಗಿನಲ್ಲಿ ಇಂಟರ್ನೆಟ್ ಸೌಲಭ್ಯದ ಮಾತೂ ಇದೆ. ಒಳ್ಳೆಯದೇ. ಆದರೆ ಅದರ ಜೊತೆಗೆ ಮನೆಯ ಜಗಳ, ಸಾಲದವರ ಕಾಟ ಎಲ್ಲ ವಾಚಿಗೆ ಹೋಗುವ ಹತ್ತು ನಿಮಿಷ ಮೊದಲು ಹುಡುಗನ ಫೋನಿಗೆ ಬಂದು ಬೀಳುತ್ತದೆ. ಮಾತಾಡಲು ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ ಎನ್ನುತ್ತೇನೆ. ಎರಡು ದಿನ ಫೋನ್ ಬರದಿದ್ದರೆ ಗಾಬರಿ ಬೇಡ. ಹಡಗಿನ ಹೆಸರು, ಅದರ ಗುರುತಿನ ಏಳು ಅಂಕಿಯ ಐ.ಎಂ.ಒ. ನಂಬರ್, ಕಂಪನಿಯ ಫೋನ್ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಒಮ್ಮೆ ಬೆಳಗಾವಿ ಕಡೆಯ ಒಬ್ಬ ತಂದೆ ಕೇಳಿದರು: "ಸಾಹೇಬ್ರ, ಇಲ್ಲಿ ಅವನ ಅಜ್ಜಿ ಹಾಸಿಗಿ ಹಿಡದಾಳ. ನಾಳಿ ಏನರ ಆದ್ರ ಅವಗ ಹೇಳ್ಬೇಕೋ ಬ್ಯಾಡೋ?" ಅದಕ್ಕೆ ಉತ್ತರ ನಾನು ಕೊಡಲಿಲ್ಲ. ಹುಡುಗನನ್ನು ಫೋನಿನ ಮುಂದೆ ಕೂರಿಸಿ ಅವನನ್ನೇ ಕೇಳಿದೆವು. ತುಂಬಾ ಹೊತ್ತು ಸುಮ್ಮನಿದ್ದ. "ಹೇಳ್ರಿ, ಆದ್ರ ಮೆಸೇಜ್ ಹಾಕಬ್ಯಾಡ್ರಿ" ಅಂದ. ಅವತ್ತಿನಿಂದ ಎಲ್ಲರಿಗೂ ಇದನ್ನು ಮೊದಲೇ ಕೇಳಿಸುತ್ತೇನೆ. ಕೆಟ್ಟ ಸುದ್ದಿ ಇದ್ದರೆ ಮೊದಲು ಕಂಪನಿಗೆ ಹೇಳಿ, ಕ್ಯಾಪ್ಟನ್ ಹುಡುಗನನ್ನು ಕರೆದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೇಳುವ ಹಾಗೆ ಆಗಲಿ. ಬ್ರಿಜ್ಜಿನ ಕತ್ತಲಲ್ಲಿ ಒಬ್ಬನೇ ನಿಂತು ಸ್ಕ್ರೀನಿನಲ್ಲಿ ಓದುವುದು ಬೇಡ.

ಈಗ ಕಷ್ಟದ ಮಾತು. ಸಾಯಬೇಕು ಅನ್ನುವ ಯೋಚನೆಯ ಬಗ್ಗೆ ಕ್ಲಾಸಿನಲ್ಲಿ ನೇರವಾಗಿ ಮಾತಾಡುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಜೊತೆಯವನು ಮಂಕಾಗಿದ್ದರೆ, ತನ್ನ ಸಾಮಾನು ಹಂಚುತ್ತಿದ್ದರೆ, ರಾತ್ರಿ ಒಬ್ಬನೇ ಡೆಕ್ಕಿನ ಕಟ್ಟೆ ಬಳಿ ನಿಲ್ಲುತ್ತಿದ್ದರೆ, "ಸಾಯಬೇಕು ಅನಿಸ್ತಿದೆಯಾ?" ಎಂದು ಕೇಳಿ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಇನ್ನೊಬ್ಬನನ್ನು ಕಳಿಸಿ ಕ್ಯಾಪ್ಟನ್ನರಿಗೆ ಹೇಳಿ. ಗುಟ್ಟು ಇಡುತ್ತೇನೆ ಎಂದು ಮಾತು ಕೊಡಬೇಡಿ. ಈ ಪ್ರಶ್ನೆಯನ್ನೂ ಹುಡುಗರಿಂದ ಒಬ್ಬರಿಗೊಬ್ಬರು ಕೇಳಿಸುತ್ತೇನೆ. ಆ ಹೊತ್ತು ಕ್ಲಾಸಿನಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಅದನ್ನೂ ಅವರಿಗೆ ಹೇಳುತ್ತೇನೆ. ದಡದಲ್ಲಿ ಇರುವಾಗ 14416, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸೇವೆ, ಕಾಸು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಡಗಿನಲ್ಲಿ ಇರುವಾಗ ನಾವಿಕರ ಕ್ಷೇಮ ನೋಡುವ ಐಸ್ವಾನ್ ಸಂಸ್ಥೆಯ ಸಹಾಯವಾಣಿ ಸೀಫೇರರ್‌ಹೆಲ್ಪ್ ಇದೆ, ದಿನದ 24 ಗಂಟೆಯೂ, ಹಿಂದಿಯಲ್ಲೂ. ಎರಡೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ. ಒಂದು ಸಲ ಕಾಯುವ ಕೂಟದ ಒಬ್ಬ ಹುಡುಗನ ಜೊತೆ ಹೋಟೆಲಿನ ಮೆಟ್ಟಿಲ ಮೇಲೆ ಕೂತು ನಾನೇ ನಂಬರ್ ಒತ್ತಿ ಕೊಟ್ಟೆ. ಅವನು ನಲವತ್ತು ನಿಮಿಷ ಮಾತಾಡಿದ. ನಾನು ಸ್ವಲ್ಪ ದೂರ ನಿಂತಿದ್ದೆ.

ಹೆಣ್ಣುಮಕ್ಕಳೂ ಈಗ ಬರುತ್ತಿದ್ದಾರೆ. ಕಾರವಾರದ ಒಬ್ಬ ಹುಡುಗಿ ಕಳೆದ ವರ್ಷ ಕೆಡೆಟ್ ಆಗಿ ಹೋದಳು. ಪೀಡನೆ, ಲೈಂಗಿಕ ಕಿರುಕುಳ ತಡೆಯುವ ವಿಷಯ 2026ರ ಜನವರಿ 1ರಿಂದ ಪಿ.ಎಸ್.ಎಸ್.ಆರ್. ಪಾಠದಲ್ಲೇ ಸೇರಿದೆ. ಬಹಳ ಮೊದಲೇ ಸೇರಬೇಕಿತ್ತು. ಈ ಡ್ರಿಲ್ಲಿನಲ್ಲಿ ನಾನು ಆಫೀಸರ್ ಆಗಿ ಕೂರುವುದಿಲ್ಲ, ಹಡಗಿನಲ್ಲಿ ಕೆಲಸ ಮಾಡಿದ ನನ್ನ ಸಹೋದ್ಯೋಗಿ ಹೆಣ್ಣುಮಗಳು ನಡೆಸುತ್ತಾರೆ. ಹುಡುಗರೂ ಅದರಲ್ಲಿ ಕೂರಲೇಬೇಕು.

ಎಲ್ಲರೂ ಕಡಲಲ್ಲಿ ಉಳಿಯಬೇಕು ಅನ್ನುವ ಹಟ ನನಗಿಲ್ಲ. ಒಬ್ಬ ಹುಡುಗ ನಾಲ್ಕನೇ ತಿಂಗಳಿಗೆ ಸೈನ್ ಆಫ್ ಆಗಿ ಹಡಗಿನಿಂದ ಇಳಿದು ಬಂದ, ಮತ್ತೆ ಹೋಗಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪಿನಲ್ಲಿದ್ದಾನೆ. ಸಾಲ ತೀರಿಸಲು ಇನ್ನೂ ಎರಡು ವರ್ಷ ಬೇಕಂತೆ. ಫೋನ್ ಮಾಡಿದಾಗ ದನಿ ಹಗುರಾಗಿತ್ತು. ಅವನ ಅಪ್ಪನಿಗೆ ನನ್ನ ಮೇಲೆ ಸಿಟ್ಟಿದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಸಿಂಗಾಪುರದಿಂದ ಫೋನ್ ಮಾಡಿದ ಆ ವಿಜಯಪುರದ ಹುಡುಗ ಈಗ ಎ.ಬಿ. ಆಗಿದ್ದಾನೆ. ರಜೆಗೆ ಬಂದಾಗ ಮುಂಬೈಯಲ್ಲಿ ಎರಡು ದಿನ ಉಳಿದು ಬುಧವಾರದ ಕ್ಲಾಸಿಗೆ ಬರುತ್ತಾನೆ. ಈಚೆಗೆ ಡ್ರಿಲ್ಲಿನಲ್ಲಿ ಚೀಫ್ ಆಫೀಸರ್ ಆಗಿ ಕೂರುವುದು ಅವನೇ. ಮೊನ್ನೆ ಬಂದಾಗ ನನ್ನ ಮೇಜಿನ ಕಾಗದವನ್ನೆಲ್ಲ ಎಳೆದುಕೊಂಡು, ಪೆನ್ನು ಹಿಡಿದು ಕೂತಿದ್ದ. ಕಲಬುರಗಿಯ ಒಬ್ಬ ಹುಡುಗ ಬಾಗಿಲು ತಟ್ಟಿ ಒಳಗೆ ಬಂದ. "ಅಭೀ ಟೈಮ್ ನಹೀ, ಬಾದ್ ಮೇ ಆನಾ." ಹುಡುಗ ಬಾಗಿಲವರೆಗೆ ಹೋದ. ಹಿಡಿಕೆಯ ಮೇಲೆ ಕೈ ಇಟ್ಟು ನಿಂತ. ತಿರುಗಿ, ದನಿ ಸ್ವಲ್ಪ ನಡುಗುತ್ತಿದ್ದರೂ, ಕೇಳಿದ:

"ಕಿತನೇ ಬಜೇ ಆವೂಂ, ಸಾಬ್?"

ಅವನು ಪೆನ್ನು ಕೆಳಗಿಟ್ಟು ಗಡಿಯಾರ ನೋಡಿದ. "ಛಹ್ ಬಜೇ ಆ. ಮೈ ಯಹೀ ಹೂಂ." ಆರಕ್ಕೆ ಬಾ, ನಾನು ಇಲ್ಲೇ ಇದ್ದೇನೆ.